ಚೆಂಡಿಗೊಂದು ನಾಮ

ದುಂಡಾದ ವಸ್ತುವಿಗೆ ಮುಖವೆಂಬುದಿಲ್ಲ, ಬೆನ್ನೆಂಬುದಿಲ್ಲ. ಯಾವ ದಿಕ್ಕಿನಿಂದ ನೋಡಿದರೂ ಒಂದೇ ಸಮನಾಗಿ ತೋರುತ್ತ, ತಳ್ಳಿದ ಕಡೆಗೆ ಉರುಳುತ್ತ, ಇಳಿಜಾರು ಸಿಕ್ಕಿದಲ್ಲಿ ಜಾರುತ್ತ, ಕಟ್ಟಕಡೆಗೆ ನಿಂತ ಸ್ಥಳದಲ್ಲಿಯೇ ಪರಮಸಂತುಷ್ಟವಾಗಿ ಇರತಕ್ಕ ಈ ನಿರ್ವಿಕಾರತ್ವವು ಯೋಗಿಗಳಿಗೆ ಆದರ್ಶಪ್ರಾಯವಾಗಿರಬಹುದಾದರೂ ಸಾಮಾನ್ಯ ಮನುಷ್ಯನಿಗೆ ಅದರೊಡನೆ ವ್ಯವಹರಿಸುವುದು ಬಹು ಕಷ್ಟ. ಆದುದರಿಂದಲೇ ಅವನು ದುಂಡುಕಲ್ಲಿಗೆ ಬೆಳ್ಳಿಯ ಕಣ್ಣುಗಳನ್ನು ಅಂಟಿಸಿ, ಹಣೆಯೆಂದು ತಾನು ಗೊತ್ತುಮಾಡಿದ ಸ್ಥಳದಲ್ಲಿ ಕುಂಕುಮವನ್ನಿಟ್ಟು, ದೇವರು ಈಗ ತನ್ನನ್ನೇ ನೋಡುತ್ತಿದ್ದಾನೆಂದು ದೃಢಪಡಿಸಿಕೊಂಡ ಮೇಲೆಯೇ ತನ್ನ ಬೇಡಿಕೆಗಳ ಗಂಟನ್ನು ಬಿಚ್ಚುತ್ತಾನೆ. ಗಾಲ್ಫ್ ಆಡತಕ್ಕವರು ಚೆಂಡಿನ ಮೇಲೆ ಗೆರೆ ಎಳೆಯುವುದೂ ಇದೇ ಕಾರಣದಿಂದ ಎಂಬುದು ನನ್ನ ನಂಬಿಕೆ.

ಗಾಲ್ಫ್ ಎಂದೊಡನೆ ದೂರದರ್ಶನದಲ್ಲಿ ಆಕಾಶಕ್ಕೆ ನೆಗೆದು ಮಾಯವಾಗುವ ಚೆಂಡನ್ನು ಮಾತ್ರ ಸ್ಮರಿಸುವ ವಾಚಕರಿಗಾಗಿ ಎರಡು ಮಾತು. ಆ ಹಾರಾಟವೆಲ್ಲ ಆಟದ ಪೂರ್ವಾರ್ಧ. ಅದರಲ್ಲಿ ತೋಳ್ಬಲವುಳ್ಳವನಿಗೆ ಕೀರ್ತಿ. ಉತ್ತರಾರ್ಧ ನಡೆಯುವುದು ಗ್ರೀನ್ ಎಂದು ಕರೆಯುವ, ಹುಲ್ಲನ್ನು ನುಣ್ಣಗೆ ಕತ್ತರಿಸಿಟ್ಟ ಅಂಗಳದಲ್ಲಿ. ಅಲ್ಲಿ ಚೆಂಡು ಹಾರುವುದಿಲ್ಲ, ಉರುಳುತ್ತದೆ. ಪಟ್ಟರ್ ಎಂಬ ಚಪ್ಪಟೆ ಮೋರೆಯ ಕೋಲಿನಿಂದ ಅದನ್ನು ಮೆಲ್ಲನೆ ತಟ್ಟಿ, ನಾಲ್ಕೂಕಾಲು ಅಂಗುಲ, ಎಂದರೆ 108 ಮಿಲಿಮೀಟರು ವ್ಯಾಸದ ಗುಳಿಯೊಳಕ್ಕೆ ಬೀಳಿಸಬೇಕು. ಚೆಂಡಿನ ವ್ಯಾಸ 42.67 ಮಿಲಿಮೀಟರಿಗೆ ಕಡಮೆಯಾಗಕೂಡದು, ತೂಕ 45.93 ಗ್ರಾಮನ್ನು ಮೀರಕೂಡದು. ಈ ಅಳತೆಗಳ ಪ್ರಕಾರ ಗುಳಿಯ ಬಾಯಲ್ಲಿ ಎರಡು ಚೆಂಡುಗಳು ಪಕ್ಕಪಕ್ಕದಲ್ಲಿ ಸಲೀಸಾಗಿ ಹಿಡಿಸುತ್ತವೆ. ಆದರೆ ಆರು ಅಡಿ ದೂರದಲ್ಲಿ ಪಟ್ಟರ್ ಹಿಡಿದು ನಿಂತವನ ಕಣ್ಣಿಗೆ ಒಂದು ಚೆಂಡೂ ಹಿಡಿಸಲಾರದೆಂಬಂತೆ ಆ ಬಾಯಿ ಕಿರಿದಾಗಿ ಕಾಣುವುದು ಈ ಆಟದ ಮಾಯೆ. ಗ್ರೀನಿನ ಮೇಲೆ ಬಂದು ನಿಂತ ಚೆಂಡಿನ ಹಿಂದೆ ಒಂದು ನಾಣ್ಯವನ್ನಿಟ್ಟು ಗುರುತುಮಾಡಿ, ಎತ್ತಿ, ಒರೆಸಿ, ಪುನಃ ಅದೇ ಸ್ಥಳದಲ್ಲಿ ಇಡುವುದಕ್ಕೆ ನಿಯಮವು ಅನುಮತಿ ಕೊಡುತ್ತದೆ. ಗುರುತುಮಾಡದೆ ಎತ್ತಿದರೆ ಒಂದು ಏಟಿನ ದಂಡ. ಆದರೆ ಮರಳಿ ಇಡುವಾಗ ಚೆಂಡನ್ನು ಯಾವ ಮಗ್ಗುಲಿಗೆ ತಿರುಗಿಸಿ ಇಟ್ಟರೂ ನಿಯಮದ ಆಕ್ಷೇಪಣೆಯಿಲ್ಲ. ಈ ಔದಾರ್ಯದ ಸಂದಿನಿಂದಲೇ ಗೆರೆಯು ಆಟದೊಳಕ್ಕೆ ನುಸುಳಿದ್ದು. ಚೆಂಡಿನ ಮೇಲೆ ಮೊದಲೇ ಒಂದು ನೇರ ಗೆರೆಯನ್ನು ಎಳೆದಿಟ್ಟುಕೊಂಡು, ಆ ಗೆರೆಯನ್ನು ತಾನು ಹೊಡೆಯಬೇಕಾದ ದಿಕ್ಕಿಗೆ ಸರಿಯಾಗಿ ತಿರುಗಿಸಿ ಇಟ್ಟು, ಪಟ್ಟರಿನ ನೆತ್ತಿಯ ಮೇಲಿರುವ ಗೆರೆಯನ್ನು ಅದಕ್ಕೆ ಹೊಂದಿಸಿದರೆ, ಮಿಕ್ಕದ್ದೆಲ್ಲವೂ ಜ್ಯಾಮಿತಿಯ ಪಾಲಿಗೆ ಸೇರಿದ್ದು ಎಂದು ಗೆರೆಗಾರರ ಸಿದ್ಧಾಂತ.

ಪುಣೆಯ ಕ್ಯಾಂಪಿನಲ್ಲಿ ವಾಸಮಾಡುವವನಿಗೆ ನೇರ ಗೆರೆಯ ಮೇಲೆ ಮೋಹವುಂಟಾಗುವುದು ಆಶ್ಚರ್ಯವೇನೂ ಅಲ್ಲ. ನದಿಯ ಕಡೆಯ ಕಸಬಾ, ಶನಿವಾರ, ಬುಧವಾರ ಪೇಟೆಗಳ ಓಣಿಗಳು ಗುಡಿಗೊಮ್ಮೆ, ವಾಡೆಗೊಮ್ಮೆ, ಮುದಿ ಅರಳಿಯ ಮರಕ್ಕೊಮ್ಮೆ ಪ್ರದಕ್ಷಿಣೆ ಬಂದು ಮುಂದೆ ಸಾಗುವಂಥವು. 1817ರ ನವೆಂಬರಿನಲ್ಲಿ ಖಡಕಿಯ ಕಾಳಗದಲ್ಲಿ ಪೇಶವೆಯ ಸೈನ್ಯವು ಸೋತ ಬಳಿಕ ಇಂಗ್ಲಿಷರು ಊರ ಹೊರಗೆ ನೆಲೆಗೊಳಿಸಿದ ದಂಡಿನ ಬೀದಿಗಳಾದರೋ, ಯಾವ ದೇವರಿಗೂ ದಾರಿಬಿಡದೆ, ಯಾವ ಮರಕ್ಕೂ ಬಾಗದೆ, ಮೇನ್ ಸ್ಟ್ರೀಟು, ಈಸ್ಟ್ ಸ್ಟ್ರೀಟು, ಸೆಂಟರ್ ಸ್ಟ್ರೀಟು ಎಂಬ ಹೆಸರುಗಳಲ್ಲಿಯೂ ಅದೇ ಮಿಲಿಟರಿ ಒಣತನವನ್ನು ಕಾಪಾಡಿಕೊಂಡು ನಡೆದವು. (ಮೇನ್ ಸ್ಟ್ರೀಟಿಗೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟು ಎಷ್ಟೋ ಕಾಲವಾಯಿತು, ಹಳಬರ ಬಾಯಲ್ಲಿ ಅದು ಇಂದಿಗೂ ಮೇನ್ ಸ್ಟ್ರೀಟೇ.) ಅದೇ ದಂಡಿನ ಅಧಿಕಾರಿಗಳು ಬಿಡುವಿನ ವೇಳೆಯಲ್ಲಿಯೂ ಸುಮ್ಮನೆ ಕೂಡಲಾರದೆ ಆಟಗಳಿಗೂ ಗೆರೆ ಎಳೆದರು: ಈಗ ಬ್ಯಾಡ್ಮಿಂಟನ್ ಎನ್ನುವ ಆಟಕ್ಕೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿದ್ದಿತು, 1870ರ ದಶಕದಲ್ಲಿ ಅದರ ನಿಯಮಗಳನ್ನು ಇಲ್ಲಿಯೇ ಬರೆದಿಟ್ಟರು. ಇಂಥ ನೆಲದಲ್ಲಿ, ಧಾರವಾಡದಿಂದ ಬಂದು, ರಕ್ಷಣಾ ಲೆಕ್ಕಪತ್ರದ ಕಚೇರಿಯಲ್ಲಿ ಜೀವಮಾನವೆಲ್ಲ ಅನ್ಯರ ಮೊತ್ತಗಳ ಕೆಳಗೆ ಕೆಂಪು ಮಸಿಯಿಂದ ಎರಡೆರಡು ಗೆರೆ ಎಳೆಯುತ್ತ, ಎಳೆದ ಗೆರೆಗೆ ಇನ್ನೊಬ್ಬರು ಎದುರಾಡುವುದನ್ನು ಕಾಣದೆಯೇ ನಿವೃತ್ತನಾದ ನನ್ನಂಥವನು ಗಾಲ್ಫಿಗೆ ಬಿದ್ದರೆ, ಅವನು ಗೆರೆಗಾರರ ಪಂಗಡವನ್ನು ಸೇರದೆ ಮತ್ತಾವುದನ್ನು ಸೇರಿಯಾನು? ನನ್ನನ್ನು ಈ ವ್ಯಸನಕ್ಕೆ ದೂಡಿದವರು ನೆರೆಮನೆಯ ನಿವೃತ್ತ ಕರ್ನಲ್ಲರು, ಕೊಡಗಿನವರು. ಭಾನುವಾರ ನಸುಕಿನಲ್ಲಿ ತಮ್ಮ ಹಳೆಯ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು, ಬಂಡ್ ಗಾರ್ಡನ್ನಿನ ಸೇತುವೆಯನ್ನು ದಾಟಿ, ಯರವಡೆಯ ಗಾಲ್ಫ್ ಮೈದಾನಕ್ಕೆ ಅತಿಥಿಯಾಗಿ ಕರೆದೊಯ್ಯುವ ಆ ಪುಣ್ಯಾತ್ಮರು ಗೆರೆಯ ಕಡುವೈರಿಗಳು ಎಂಬುದೇ ಈ ಪ್ರಬಂಧಕ್ಕೆ ಮೂಲ.

ಚೆಂಡಿನ ಗೆರೆಯ ವಿಷಯದಲ್ಲಿ ಗಾಲ್ಫಿಗರು ಮೂರು ಮತಗಳಾಗಿ ಒಡೆದಿದ್ದಾರೆ. ಮೊದಲನೆಯವರು ಏಕರೇಖಾವಾದಿಗಳು: ಅಳಿಸಲಾಗದ ಶಾಯಿಯ ಕರಿಯ ಮಾರ್ಕರಿನಿಂದ ನಡುವೆ ಒಂದೇ ಒಂದು ನೆಟ್ಟನೆಯ ಗೆರೆ, ಅದರ ಮಗ್ಗುಲಲ್ಲಿ ಕಂಪೆನಿಯವರು ಮುದ್ರಿಸಿದ ಕೆಂಪು ಅಂಕಿಯೊಂದು ಬಂದು ಕೂತರಂತೂ ಅಂಗಾರಕ್ಕೆ ಅಕ್ಷತೆ ಕೂಡಿದಂತಾಗಿ, ನಮ್ಮ ಮಠದ ಪಂಕ್ತಿಯಲ್ಲಿ ಧಾರಾಳವಾಗಿ ಎಲೆ ಹಾಕಿ ಕೂರಿಸಬಹುದಾದ ಚೆಂಡು ಅದು. ಹುಟ್ಟಿನಿಂದ ಮಾಧ್ವನಾದ ನಾನು ಆ ಪಕ್ಷವನ್ನು ಹಿಡಿದದ್ದು ಸಂಸ್ಕಾರಬಲದಿಂದಲೇ ಹೊರತು ತರ್ಕಬಲದಿಂದಲ್ಲ. ಎರಡನೆಯವರು ತ್ರಿರೇಖಾವಾದಿಗಳು. ಕ್ಯಾಲವೇ ಎಂಬ ಅಮೆರಿಕದ ಕಂಪೆನಿಯು 2019ರಲ್ಲಿ ಟ್ರಿಪಲ್ ಟ್ರ್ಯಾಕ್ ಎಂಬ ಹೆಸರಿನಿಂದ ಚೆಂಡಿನ ಮೇಲೆ ಮೂರು ಗೆರೆಗಳನ್ನು ತಾನೇ ಅಚ್ಚುಹಾಕಿ ಮಾರಲಾರಂಭಿಸಿತು: ಇಕ್ಕೆಲಗಳಲ್ಲಿ ಎರಡು ನೀಲಿ, ನಡುವೆ ಒಂದು ಕೆಂಪು. ಉದ್ದಕ್ಕೆ ಹಿಡಿದು ನೋಡಿದರೆ ಬಣ್ಣದಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಮೇಲುಕೋಟೆಯ ಕಡೆಯ ನಾಮವೇ. ಅಡ್ಡಕ್ಕೆ ತಿರುಗಿಸಿದರೆ ತ್ರಿಪುಂಡ್ರ. ಒಂದೇ ಚೆಂಡಿನಲ್ಲಿ ಹರಿಹರರಿಬ್ಬರನ್ನೂ ನೆಲೆಗೊಳಿಸಿದ ಆ ಕಂಪೆನಿಯ ಸಮನ್ವಯದೃಷ್ಟಿಯು ನಮ್ಮ ಇತಿಹಾಸದಲ್ಲಿ ಹರಿಹರದ ಗುಡಿಯನ್ನು ಕಟ್ಟಿಸಿದವರಿಗೆ ಮಾತ್ರ ಸಾಧ್ಯವಾಗಿತ್ತು. ಮೂರನೆಯವರು ನಿರ್ಗುಣೋಪಾಸಕರು. ಅವರ ಚೆಂಡಿಗೆ ಗೆರೆಯಿಲ್ಲ, ಚುಕ್ಕೆಯಿಲ್ಲ, ಉಪಾಧಿರಹಿತವಾದ ಬಿಳುಪು. ಕರ್ನಲ್ಲರು ಈ ಮತದ ಪೀಠಾಧಿಪತಿಗಳು.

ತ್ರಿರೇಖೆಯ ಪರವಾಗಿ ನನಗೆ ಉಪದೇಶ ಮಾಡಿದವನು ಹಿಂಜವಡಿಯ ಐಟಿ ಕಂಪೆನಿಯೊಂದರಲ್ಲಿ ಕೆಲಸಮಾಡುವ ನನ್ನ ಸೋದರಳಿಯ. ಅಮೆರಿಕಕ್ಕೆ ಹೋಗಿ ಬಂದಾಗ ಆ ಚೆಂಡುಗಳ ಡಬ್ಬಿಯೊಂದನ್ನು ತಂದು ನನ್ನ ಕೈಗಿತ್ತು, "ಒಂದ ಗೆರಿಗೆ ಕಣ್ಣು ಮೋಸಹೋಗ್ತದ ಮಾಮಾ, ಮೂರಿದ್ರ ಹೋಗೂದಿಲ್ಲ. ಇದಕ್ಕ ಸೈನ್ಸ್ ಅದ" ಎಂದ. ಸೈನ್ಸ್ ಇದ್ದದ್ದೂ ನಿಜವೇ. ಎರಡು ಗೆರೆಗಳು ಒಂದಕ್ಕೊಂದು ಕೂಡಿವೆಯೋ ಕೂದಲೆಳೆಯಷ್ಟು ಜರುಗಿವೆಯೋ ಎಂಬುದನ್ನು ಕಂಡುಹಿಡಿಯುವುದರಲ್ಲಿ ನಮ್ಮ ಕಣ್ಣು ಅದರ ಇತರ ಸಾಮರ್ಥ್ಯಗಳಿಗಿಂತ ಅನೇಕಪಾಲು ಚುರುಕಾಗಿದೆ. 1631ರಲ್ಲಿ ತನ್ನ ಅಳತೆಪಟ್ಟಿಯನ್ನು ಪ್ರಕಟಿಸಿದ ಫ್ರೆಂಚ್ ಗಣಿತಜ್ಞ ವರ್ನಿಯರನ ಹೆಸರಿನಿಂದ ಈ ಶಕ್ತಿಯನ್ನು ಕರೆಯುತ್ತಾರೆ. ಸಮುದ್ರದ ಮೇಲಿನ ಯುದ್ಧನೌಕೆಗೆ ವಿಮಾನವನ್ನಿಳಿಸುವಲ್ಲಿ ನೆರವಾಗುವ ತತ್ತ್ವವನ್ನೇ ತಾನು ಚೆಂಡಿಗೆ ಇಳಿಸಿರುವುದಾಗಿ ಕಂಪೆನಿ ಹೇಳಿಕೊಳ್ಳುತ್ತದೆ. ವಿಮಾನವನ್ನು ಇಳಿಸಬಲ್ಲ ವಿದ್ಯೆ ನನ್ನ ಚೆಂಡನ್ನು ಗುಳಿಗೆ ಇಳಿಸಲಾರದೆ ಎಂದು ನಾನೂ ಕೆಲಕಾಲ ಮತಾಂತರಗೊಂಡಿದ್ದೆ. ಆದರೆ ಮೂರು ಗೆರೆಗಳನ್ನು ಕಂಡ ನನ್ನ ಕಣ್ಣು ಹಳೆಯ ರೂಢಿಯಂತೆ ಅವುಗಳನ್ನು ಮೂರು ಕಾಲಮುಗಳೆಂದು ಭಾವಿಸಿ ಕೂಡತೊಡಗಿದ್ದರಿಂದ ಸ್ವಮತಕ್ಕೆ ಮರಳಬೇಕಾಯಿತು.

ಕರ್ನಲ್ಲರ ವಾದವು ಇದಕ್ಕಿಂತ ಸರಳವಾದದ್ದು. "ರಾಯರೇ, ಕೈಲ್‌ಪೊಳ್ದ್ ಹಬ್ಬದಲ್ಲಿ ನಮ್ಮವರು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಗುಂಡಿಗೆ ಗೆರೆ ಎಳೆದವರನ್ನು ಯಾರಾದರೂ ಕಂಡದ್ದುಂಟೆ?" ಎಂದು ಕೇಳಿದರು. "ಕೋವಿಯ ನಳಿಗೆಯೇ ಒಂದು ಗೆರೆಯಲ್ಲವೆ ಸಾಹೇಬರೇ? ಅದು ಸಾಲದೆಂದು ತುದಿಯಲ್ಲಿ ಗುರಿ ಹಿಡಿಯಲು ಒಂದು ಮೊಳೆಯನ್ನೂ ಇಟ್ಟಿರುತ್ತಾರೆ" ಎಂದೆ. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, ಲೆಕ್ಕಪತ್ರದವರೊಡನೆ ಯುದ್ಧದ ವಿಷಯ ಮಾತಾಡಕೂಡದೆಂದು ಸೇನೆಯಲ್ಲಿ ತಮಗೆ ಹಿಂದೆಯೇ ತಿಳಿದಿತ್ತೆಂದು ಹೇಳಿ ಪ್ರಕರಣವನ್ನು ಮುಕ್ತಾಯಗೊಳಿಸಿದರು.

ಗೆರೆ ಎಳೆಯುವುದು ಸುಲಭವಾದ ಕೆಲಸವೆಂದು ಯಾರೂ ಭಾವಿಸಬಾರದು. ಗಾಲ್ಫ್ ಚೆಂಡಿನ ಮೈಯೆಲ್ಲ ಸಿಡುಬು ಬಂದು ಮಾಸಿದಂತೆ ಮುನ್ನೂರಕ್ಕೂ ಮಿಕ್ಕಿದ ಸಣ್ಣ ಸಣ್ಣ ತಗ್ಗುಗಳು. ಮಾರ್ಕರಿನ ಮೊನೆಯು ಒಂದು ತಗ್ಗಿಗೆ ಇಳಿದು, ದಡ ಹತ್ತುವಷ್ಟರಲ್ಲಿ ಅತ್ತಿತ್ತ ಹೊಯ್ದಾಡಿ, ಶಾಯಿಯನ್ನು ಅಲ್ಲಿಯೇ ಮಡುಗಟ್ಟಿಸಿ ಮುಂದೆ ಸಾಗುತ್ತದೆ. ಚೆಂಡನ್ನು ಕಚ್ಚಿ ಹಿಡಿದುಕೊಳ್ಳುವ ಸೀಳುಳ್ಳ ಪ್ಲಾಸ್ಟಿಕ್ ಅಚ್ಚು ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದರ ಸೀಳಿನಗುಂಟ ಮಾರ್ಕರನ್ನು ಎಳೆಯುವಾಗ ಉಸಿರು ಬಿಗಿಹಿಡಿಯಬೇಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ, ಎಲ್ಲೆಂದರಲ್ಲಿ ಎಳೆಯಬಹುದೆ ಎಂಬುದು. ತಯಾರಿಕೆಯಲ್ಲಿ ಚೆಂಡಿನ ಗರ್ಭವು ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದರೂ ಒಂದು ಮಗ್ಗುಲು ಭಾರವಾಗಿ, ನೆಟ್ಟಗೆ ಹೊಡೆದ ಚೆಂಡು ಆ ಕಡೆಗೆ ವಾಲಬಹುದಂತೆ. ಆ ಭಾರವನ್ನು ಕಂಡುಹಿಡಿಯುವ ಉಪಾಯವು ಲವಣಪರೀಕ್ಷೆ. ಚೆಂಡು ನೀರಿಗಿಂತ ಸುಮಾರು ಎಂಟನೆಯ ಒಂದು ಪಾಲಿನಷ್ಟು ಹೆಚ್ಚು, ಎಂದರೆ 1.13ರ ಪ್ರಮಾಣದಲ್ಲಿ ಭಾರವಾದ್ದರಿಂದ ಬರಿಯ ನೀರಿನಲ್ಲಿ ಮುಳುಗುತ್ತದೆ. ಒಂದು ಲೀಟರು ನೀರಿಗೆ ಕಾಲು ಕಿಲೋ ಉಪ್ಪನ್ನು ಕರಗಿಸಿದರೆ ತೇಲುತ್ತದೆ. ತೇಲುವ ಚೆಂಡನ್ನು ಬೆರಳಿನಿಂದ ತಿರುಗಿಸಿ ಬಿಟ್ಟಾಗ ಭಾರದ ಮಗ್ಗುಲು ಕೆಳಗಾಗಿ, ಹಗುರವಾದ ನೆತ್ತಿ ಮೇಲೆ ಬರುವುದು. ಎಷ್ಟು ಸಲ ತಿರುಗಿಸಿದರೂ ಅದೇ ನೆತ್ತಿ ಮೇಲೆ ಬಂದರೆ ಅಲ್ಲೊಂದು ಚುಕ್ಕೆಯನ್ನಿಟ್ಟು, ಆ ಚುಕ್ಕೆಯ ಮೇಲೆ ಹಾಯುವಂತೆ ಗೆರೆ ಎಳೆಯಬೇಕು. ಆಗ ಭಾರವು ಗೆರೆಯ ಗುಂಟವೇ ಸುತ್ತುವುದರಿಂದ ಚೆಂಡು ಎಡಬಲಗಳಿಗೆ ವಾಲುವ ಕಾರಣವಿಲ್ಲ.

ಈ ಶಾಸ್ತ್ರವನ್ನು ಓದಿಕೊಂಡ ದಿನ ನಾನು ಅಡಿಗೆಮನೆಯ ದೊಡ್ಡ ಬೋಗುಣಿಗೆ ನೀರು ತುಂಬಿ, ಕಲ್ಲುಪ್ಪು ಸುರಿದು, ಹುಟ್ಟಿನಿಂದ ತಿರುವುತ್ತ ಕೂತಿದ್ದೆ. ಬಾಗಿಲಲ್ಲಿ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ, ನನ್ನ ಮನೆಯವಳು, "ಏನ್ರೀ, ಉಪ್ಪಿನಕಾಯಿ ಹಾಕಲಿಕ್ಕೆ ಮಾವಿನಕಾಯಿ ಸಿಗಲಿಲ್ಲೇನು ನಿಮಗ?" ಎಂದಳು. ನಾನು ಗುರುತ್ವಕೇಂದ್ರದ ವಿಷಯವನ್ನು ಸಾವಧಾನವಾಗಿ ವಿವರಿಸಿದೆ. ಅವಳು ಅಷ್ಟೇ ಸಾವಧಾನವಾಗಿ ಕೇಳಿ, "ಅದೆಲ್ಲಾ ಖರೆ. ಈ ನೀರು ಏನು ಮಾಡೋಣಂತೀರಿ? ಉಪ್ಪು ಚೆಲ್ಲಿದರ ಪಾಪ, ತುಳಸಿಗೆ ಹಾಕಿದರ ತುಳಸಿ ಹೋಗ್ತದ" ಎಂದು ಕೇಳಿದಳು. ಗಾಲ್ಫಿನ ಗ್ರಂಥಗಳಲ್ಲಿ ಈ ಪ್ರಶ್ನೆಗೆ ಸಮಾಧಾನವಿಲ್ಲ. ಬೋಗುಣಿಯು ಅಂದಿನಿಂದ ಸ್ನಾನದ ಮನೆಯ ಮೂಲೆಯನ್ನು ಸೇರಿ, ಅದೇ ನೀರಿನೊಡನೆ, ಒಂದು ಹಳೆಯ ತಟ್ಟೆಯನ್ನು ಮುಚ್ಚಿಕೊಂಡು, ನನ್ನ ಸಂಶೋಧನೆಗೆ ಶಾಶ್ವತವಾಗಿ ಸಮರ್ಪಿತವಾಯಿತು. ಅಭ್ಯಾಸಕ್ಕಾದರೋ ಪಡಸಾಲೆಯಲ್ಲಿ ಹಾಸಿದ ನವಲಗುಂದದ ಜಮಖಾನೆಯೇ ಸಾಕು: ಒಂದು ತುದಿಯಲ್ಲಿ ತಂಬಿಗೆಯನ್ನು ಅಡ್ಡ ಮಲಗಿಸಿ, ಜಮಖಾನೆಯ ಕೆಂಪು ಪಟ್ಟೆಗೆ ಚೆಂಡಿನ ಕಪ್ಪು ಗೆರೆಯನ್ನು ಹೊಂದಿಸಿ ತಟ್ಟಿದರೆ, ಠಣ್ಣೆಂಬ ನಾದವು ಕ್ಯಾಂಪಿನ ಮಧ್ಯಾಹ್ನದ ನಿಶ್ಶಬ್ದದಲ್ಲಿ ಬೀದಿಯ ತನಕ ಕೇಳಿಸುತ್ತದೆ. ನವಲಗುಂದದ ನೇಕಾರರು ನೆಟ್ಟಗೆ ನೇಯ್ದ ಪಟ್ಟೆಯ ಮೇಲೆ ನಾನು ಅಪ್ರತಿಮ.

ಕಷ್ಟವಿರುವುದು ಯರವಡೆಯಲ್ಲಿ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ನಮ್ಮ ಗಾದೆಯನ್ನು ಕಟ್ಟಿದವರು ಗಾಲ್ಫ್ ಗ್ರೀನನ್ನು ನೋಡಿರಲಿಲ್ಲವೆಂದು ಸ್ಪಷ್ಟವಾಗಿ ಹೇಳಬಹುದು. ಏಕೆಂದರೆ ಈ ಒಂದು ರಂಗದಲ್ಲಿ ಆ ನರ್ತಕಿಯ ಆಪಾದನೆ ಅಕ್ಷರಶಃ ಸತ್ಯ: ಇಲ್ಲಿ ನೆಲವು ನಿಜವಾಗಿಯೂ ಡೊಂಕು, ಬೇಕೆಂದೇ ಡೊಂಕುಮಾಡಿದ ಡೊಂಕು. ಬಲಕ್ಕೆ ಇಳಿಜಾರಿರುವಲ್ಲಿ ಗುಳಿಯ ಕಡೆಗೆ ನೆಟ್ಟಗೆ ಹೊಡೆದವನಿಗೆ ಗುಳಿ ಸಿಗುವುದಿಲ್ಲ. ಗುಳಿಯಿಂದ ಗೇಣಾಚೆ, ಎಡಕ್ಕೆ, ಬರಿಯ ಹುಲ್ಲಿನ ಮೇಲೆ ಒಂದು ಬಿಂದುವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು, ಅದರ ಕಡೆಗೆ ಚೆಂಡಿನ ಗೆರೆಯನ್ನು ತಿರುಗಿಸಿ ಹೊಡೆದರೆ, ಚೆಂಡು ಮೊದಲು ಆ ಕಲ್ಪನೆಯನ್ನು ನಂಬಿ ನಡೆದು, ಅನಂತರ ನೆಲದ ಮಾತನ್ನು ಕೇಳಿ ಬಲಕ್ಕೆ ಬಾಗಿ ಗುಳಿಯನ್ನು ಸೇರೀತು. ಎಂದರೆ ಇಷ್ಟೆಲ್ಲ ಶ್ರಮದಿಂದ ಎಳೆದ ನೇರ ಗೆರೆಯು ತೋರಿಸುವುದು ಗುಳಿಯಿಲ್ಲದ ಕಡೆಯನ್ನು! ಎಷ್ಟು ಆಚೆ, ಎಷ್ಟು ಈಚೆ ಎಂಬುದು ಚೆಂಡಿನ ವೇಗವನ್ನು ಅವಲಂಬಿಸಿದ್ದು. ವೇಗವು ಇಬ್ಬನಿಯನ್ನು, ಹುಲ್ಲಿನ ಒರಗನ್ನು, ಹೊಡೆಯುವವನ ಎದೆಬಡಿತವನ್ನು ಅವಲಂಬಿಸಿದ್ದು. ಇವುಗಳಲ್ಲಿ ಒಂದರ ಮೇಲೆಯೂ ಮಾರ್ಕರಿನಿಂದ ಬರೆಯಲು ಬರುವುದಿಲ್ಲ.

ಇಷ್ಟಾದರೂ ದಿಕ್ಕಿನ ಮಹತ್ತ್ವವನ್ನು ಅಲ್ಲಗಳೆಯುವಂತಿಲ್ಲ. ಹತ್ತು ಅಡಿ ದೂರದಿಂದ ಹೊಡೆದ ಚೆಂಡು ಒಂದೇ ಒಂದು ಡಿಗ್ರಿ ತಪ್ಪಿ ಹೊರಟರೆ ಗುಳಿಯ ನಡುಮಧ್ಯದಿಂದ ಎರಡು ಅಂಗುಲಕ್ಕೆ ತುಸು ಮಿಕ್ಕು ಆಚೆ ಹೋಗುತ್ತದೆ. ಗುಳಿಯ ಅರ್ಧವ್ಯಾಸವೂ ಹೆಚ್ಚುಕಡಮೆ ಅಷ್ಟೇ. ಎಂದರೆ ಚೆಂಡು ಗುಳಿಯ ಅಂಚನ್ನು ಮುಟ್ಟಿ, ಒಳಗೆ ಇಣಿಕಿ ನೋಡಿ, ಮನಸ್ಸು ಬದಲಾಯಿಸಿಕೊಂಡು ಹೊರಟುಹೋಗುವುದಕ್ಕೆ ಒಂದು ಡಿಗ್ರಿ ಸಾಕು. ಇಪ್ಪತ್ತು ಅಡಿಯಲ್ಲಿ ಅದೇ ಡಿಗ್ರಿಯು ನಾಲ್ಕು ಅಂಗುಲವನ್ನು ಮೀರುತ್ತದೆ.

ಹಿಂದಿನ ಕಾಲದವರಿಗೆ ಈ ಚಿಂತೆಗೆ ಅವಕಾಶವೇ ಇರಲಿಲ್ಲ. ಗ್ರೀನಿನ ಮೇಲೆ ಚೆಂಡಿಗೆ ಆಗ ಬಲು ಕಟ್ಟುನಿಟ್ಟಿನ ಮಡಿ. ಇಬ್ಬರು ಎದುರುಬದುರಾಗಿ ಆಡುವ ಪಂದ್ಯದಲ್ಲಿ ಪ್ರತಿಸ್ಪರ್ಧಿಯ ಚೆಂಡು ನಿಮ್ಮ ದಾರಿಗೆ ಅಡ್ಡವಾಗಿ ಕೂತಿದ್ದರೂ, ಎರಡು ಚೆಂಡುಗಳ ನಡುವೆ ಆರು ಅಂಗುಲಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ಎತ್ತಿಸುವಂತಿರಲಿಲ್ಲ. ಬಳಸಿ ಹೊಡೆಯಬೇಕು, ಇಲ್ಲವೆ ಅದರ ತಲೆಯ ಮೇಲಿಂದ ಹಾರಿಸಬೇಕು. ಸ್ಟೈಮಿ ಎಂಬ ಈ ಪದ್ಧತಿಯು ರದ್ದಾದದ್ದು 1952ರಲ್ಲಿ. ಮಡಿ ಸಡಿಲವಾದ ಮೇಲೆಯೇ ನಾಮಕ್ಕೆ ಕಾಲ ಬಂದದ್ದು ಎಂಬ ಈ ವೈಪರೀತ್ಯವನ್ನು ಧರ್ಮಶಾಸ್ತ್ರಜ್ಞರು ವಿಚಾರಿಸಬೇಕು.

ಗೆರೆಗಾರರ ಮೇಲೆ ಹೊರಿಸತಕ್ಕ ದೊಡ್ಡ ಅಪವಾದವೆಂದರೆ ಕಾಲಹರಣ. ಒಂದು ಏಟಿಗೆ ನಲವತ್ತು ಸೆಕೆಂಡುಗಳನ್ನು ಮೀರದಿರುವುದು ಒಳ್ಳೆಯದೆಂದು ನಿಯಮಗ್ರಂಥವೇ ಶಿಫಾರಸು ಮಾಡಿದೆ. ಆದರೆ ನಲವತ್ತು ಸೆಕೆಂಡುಗಳಲ್ಲಿ ನನ್ನ ಮೊಣಕಾಲು ಕುಳಿತುಕೊಳ್ಳುವುದಕ್ಕೆ ಮಾತ್ರ ಒಪ್ಪೀತು. ಏಳುವ ವಿಷಯವನ್ನು ಅದರೊಡನೆ ಪ್ರತ್ಯೇಕವಾಗಿ ಇತ್ಯರ್ಥಪಡಿಸಿಕೊಳ್ಳಬೇಕು. ಕುಕ್ಕುರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಗೆರೆಯನ್ನು ಅಕ್ಕಿಕಾಳಿನಷ್ಟು ಎಡಕ್ಕೆ, ಅರ್ಧ ಅಕ್ಕಿಕಾಳಿನಷ್ಟು ಬಲಕ್ಕೆ ತಿರುಗಿಸಿ, ತೃಪ್ತನಾಗಿ, ನಾಣ್ಯವನ್ನೆತ್ತಿ ಜೇಬಿಗಿಟ್ಟು, ಎದ್ದು ನಿಂತು, ಪಟ್ಟರನ್ನು ಚೆಂಡಿನ ಹಿಂದೆ ಊರಿ ಕೆಳಗೆ ನೋಡುತ್ತೇನೆ: ಗೆರೆ ಸೊಟ್ಟಗಿದೆ! ಕುಳಿತಾಗ ರಾಜಮಾರ್ಗದಂತೆ ನೆಟ್ಟಗೆ ತೋರಿದ ಅದೇ ಗೆರೆ, ನಿಂತು ನೋಡಿದರೆ ಗುಳಿಯ ಸಹವಾಸವೇ ಬೇಡವೆಂಬಂತೆ ಬಲಕ್ಕೆ ಮೋರೆ ತಿರುಗಿಸಿರುತ್ತದೆ. ನಿಂತವನ ಕಣ್ಣು ಚೆಂಡಿನ ನೇರ ಮೇಲಿರದೆ ಅತ್ತಲೋ ಇತ್ತಲೋ ಇರುವುದರಿಂದ ಹೀಗಾಗುತ್ತದೆಯೆಂದು ಬಲ್ಲವರು ಹೇಳುತ್ತಾರೆ. ಕಾರಣವೇನೇ ಇರಲಿ, ಕೂತ ಕಣ್ಣು ಒಂದು ಸಾಕ್ಷ್ಯ ಹೇಳಿ, ನಿಂತ ಕಣ್ಣು ಅದಕ್ಕೆ ವಿರುದ್ಧವಾದ ಸಾಕ್ಷ್ಯ ಹೇಳಿದಾಗ, ಎರಡೂ ಕಣ್ಣುಗಳು ಒಬ್ಬನವೇ ಆದಾಗ, ಲೆಕ್ಕಪರಿಶೋಧಕನಾದವನು ಮಾಡಬಹುದಾದದ್ದು ಒಂದೇ: ಕಡತವನ್ನು ಮರುಪರಿಶೀಲನೆಗೆ ಕಳುಹಿಸುವುದು. ಆದ್ದರಿಂದ ನಾನು ಪುನಃ ನಾಣ್ಯವನ್ನಿಟ್ಟು ಕೂರುತ್ತೇನೆ. ಹಿಂದೆ ಕಾಯುತ್ತ ನಿಂತ ತಂಡದವರು ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಲೋಹೆಗಾಂವದ ಕಡೆಗೆ ಇಳಿಯುವ ವಿಮಾನವೊಂದು, ಯಾವ ಗೆರೆಯನ್ನು ನೋಡಿಕೊಂಡೋ, ಸುಸೂತ್ರವಾಗಿ ಇಳಿದುಹೋಗುತ್ತದೆ.

ಈ ಸಂಕಟದಲ್ಲಿ ಕೋಲುಗಳ ಚೀಲ ಹೊರುವ ಕ್ಯಾಡಿಯ ನೆರವನ್ನು ಕೇಳೋಣವೆಂದರೆ, ಆಟಗಾರನು ಹೊಡೆಯಲು ಕಾಲೂರಿ ನಿಲ್ಲುವಾಗ ಕ್ಯಾಡಿಯು ಅವನ ಹಿಂದೆ ನೇರದಲ್ಲಿ ನಿಂತು ದಿಕ್ಕು ಸರಿಪಡಿಸಕೂಡದೆಂದು 2019ರಿಂದ ನಿಯಮ ಬಂದಿದೆ. ಉಸಿರಾಡುವ ಮನುಷ್ಯ ದಾರಿ ತೋರಿಸಿದರೆ ದಂಡ, ಒಣಗಿದ ಮಸಿ ತೋರಿಸಿದರೆ ದಂಡವಿಲ್ಲ! ನಮ್ಮ ಕ್ಯಾಡಿಗೆ ಈ ನಿಯಮದಿಂದ ಯಾವ ದುಃಖವೂ ಆದಂತಿಲ್ಲ. ನಾನು ಮೂರಡಿಯಿಂದ ತಪ್ಪಿಸಿ, ಗ್ರೀನಿನ ಇಳಿಜಾರನ್ನೂ ಇಬ್ಬನಿಯನ್ನೂ ಸವಿಸ್ತಾರವಾಗಿ ದೂಷಿಸುತ್ತಿದ್ದಾಗ, ಅವನು ಧ್ವಜದ ಕೋಲನ್ನು ಗುಳಿಗೆ ಸಿಕ್ಕಿಸುತ್ತ, ಯಾರಿಗೂ ಹೇಳದವನಂತೆ, "ನಾಚತಾ ಯೇಯೀನಾ, ಅಂಗಣ ವಾಕಡೇ" ಎಂದ. ನಮ್ಮ ಗಾದೆಯೇ, ಮರಾಠಿಯ ಜರಿಪಂಚೆ ಉಟ್ಟು ಬಂದಿತ್ತು. ಅನಂತರ ನನ್ನ ಕಡೆ ತಿರುಗಿ, ಸಮಾಧಾನ ಹೇಳುವ ಧ್ವನಿಯಲ್ಲಿ, "ಚೆಂಡೂ ಸರಳ ಆಹೇ ಸಾಹೇಬ್. ಹಾತ್ ವಾಕಡಾ ಆಹೇ" ಎಂದು ಸೇರಿಸಿದ.

ಚೆಂಡು ನೆಟ್ಟಗಿದೆ, ಕೈ ಸೊಟ್ಟಗಿದೆ ಎಂಬ ಈ ತೀರ್ಪು ಅವನಿಗೆ ತಿಳಿದದ್ದು ಹೇಗೆ? ಗೆರೆಯಿಂದಲೇ. ಗೆರೆಯ ಈ ಗುಣವನ್ನು ಅದನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. ಪಟ್ಟರಿನ ಮೋರೆ ಚೆಂಡಿಗೆ ಸಮನಾಗಿ ತಾಗಿದರೆ ಉರುಳುವ ಚೆಂಡಿನ ಮೇಲೆ ಗೆರೆಯು ಅಲುಗದೆ, ಎಳೆದು ಕಟ್ಟಿದ ದಾರದಂತೆ ನಿಂತು ತೋರುತ್ತದೆ. ಮೋರೆ ಎಳ್ಳಷ್ಟು ಓರೆಯಾಗಿ ತಾಗಿದರೂ ಅದೇ ಗೆರೆ ಎಡಕ್ಕೂ ಬಲಕ್ಕೂ ತೂರಾಡುತ್ತ, ಕುಡುಕನಂತೆ ಗ್ರೀನಿನ ಉದ್ದಕ್ಕೂ ನನ್ನ ದೋಷವನ್ನು ಡಂಗುರ ಸಾರುತ್ತ ಹೋಗುತ್ತದೆ. ಗೆರೆಯಿಲ್ಲದ ಬಿಳಿಯ ಚೆಂಡು ಸಂಭಾವಿತ. ಒಡೆಯನ ಕೈ ನಡುಗಿದ್ದನ್ನು ಅದು ಹೊಟ್ಟೆಯಲ್ಲಿಟ್ಟುಕೊಂಡು ಉರುಳುತ್ತದೆ, ನೆಲದ ಮೇಲೆ ತಪ್ಪು ಹೊರಿಸುವುದಕ್ಕೆ ಅವಕಾಶ ಕೊಡುತ್ತದೆ. ಅನ್ಯರ ಲೆಕ್ಕದಲ್ಲಿ ಲೋಪವನ್ನು ಹುಡುಕುವುದರಲ್ಲಿ ಆಯುಷ್ಯ ಕಳೆದ ನಾನು, ಮುಪ್ಪಿನಲ್ಲಿ ಸ್ವಂತ ಖರ್ಚಿನಿಂದ, ಸ್ವಹಸ್ತದಿಂದ, ನನ್ನ ಮೇಲೆಯೇ ಒಬ್ಬ ಆಡಿಟರನನ್ನು ನೇಮಿಸಿಕೊಂಡೆ. ಅವನು ಪ್ರತಿ ಏಟಿಗೂ ಆಕ್ಷೇಪಣೆ ಬರೆಯುತ್ತಾನೆ, ಲಂಚ ಮುಟ್ಟುವುದಿಲ್ಲ.

ಗೆರೆಯಾಗಲಿ ಬಿಡಲಿ, ಈ ಸಣ್ಣ ತಟ್ಟಿನಲ್ಲಿ ಎಷ್ಟು ಅಡಗಿದೆಯೆಂಬುದನ್ನು ನಮ್ಮ ದೇಶವೆಲ್ಲ ಒಮ್ಮೆಲೇ ಅರಿತುಕೊಂಡದ್ದು 2021ರ ಆಗಸ್ಟ್ 7ರಂದು. ಟೋಕಿಯೋ ಒಲಿಂಪಿಕ್ಸಿನ ಪುರುಷರ ಪಂದ್ಯದಲ್ಲಿ ಪುಣೆಯ ಉದಯನ್ ಮಾನೆ ಆಡಿದ್ದರಾದರೂ ಆಗ ಗಾಲ್ಫಿಗಾಗಿ ಯಾರೂ ನಿದ್ದೆಗೆಟ್ಟಿರಲಿಲ್ಲ. ಬೆಂಗಳೂರಿನ ಅದಿತಿ ಅಶೋಕ್, ಜಗತ್ತಿನ ಶ್ರೇಯಾಂಕದಲ್ಲಿ 200ನೆಯ ಸ್ಥಾನದಲ್ಲಿದ್ದ ಇಪ್ಪತ್ತಮೂರರ ಹುಡುಗಿ, ಕಸುಮಿಗಸೆಕಿಯ ಮೈದಾನದಲ್ಲಿ ಕೊನೆಯ ದಿನದವರೆಗೂ ಪದಕದ ಸ್ಥಾನದಲ್ಲಿ ನಿಂತಾಗ ಮಾತ್ರ, ಬರ್ಡಿ ಎಂದರೇನೆಂದು ಹಿಂದಿನ ದಿನ ಅರಿಯದವರೂ ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂತರು. ಉಳಿದವರು ಬಲದಿಂದ ದೂರ ದೂರ ಹೊಡೆಯುತ್ತಿದ್ದರೆ ಈಕೆ ಪಟ್ಟರಿನಿಂದ ಆ ಅಂತರವನ್ನು ತುಂಬಿಕೊಳ್ಳುತ್ತಿದ್ದಳು. ಚೀಲ ಹೊತ್ತು ಜೊತೆಗೆ ನಡೆದವರು ಆಕೆಯ ತಾಯಿ. ಹದಿನೆಂಟನೆಯ ಗುಳಿಯಲ್ಲಿ ಬರ್ಡಿಗಾಗಿ, ಎಂದರೆ ಗೊತ್ತುಪಡಿಸಿದ ಎಣಿಕೆಗಿಂತ ಒಂದು ಏಟು ಉಳಿಸುವುದಕ್ಕಾಗಿ, ತಟ್ಟಿದ ಚೆಂಡು ಒಳಗೆ ಬೀಳಲಿಲ್ಲ. ಹದಿನೈದು ಏಟು ಉಳಿಸಿದ ಆಕೆಗೆ ನಾಲ್ಕನೆಯ ಸ್ಥಾನ, ಹದಿನಾರು ಉಳಿಸಿದ ನ್ಯೂಜಿಲೆಂಡಿನ ಲಿಡಿಯಾ ಕೋಗೆ ಕಂಚು. ನಮ್ಮ ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಒಂದ ಏಟಿಗೆ ಪದಕ ಹೋತಲ್ರೀ" ಎಂದಳು, ತುಸು ತಡೆದು, "ನಿಮ್ಮದು ಎಷ್ಟು ಏಟಿಗೆ ಹೋಗ್ತದ?" ಎಂದು ವಿಚಾರಿಸಿದಳು. ರಕ್ಷಣಾ ಇಲಾಖೆಯ ಅಂಕಿ ಅಂಶಗಳನ್ನು ಮನೆಯಲ್ಲಿ ಬಹಿರಂಗಪಡಿಸುವ ಪದ್ಧತಿ ನಮ್ಮಲ್ಲಿಲ್ಲ.

ಮೊನ್ನೆಯ ಭಾನುವಾರ ಕರ್ನಲ್ಲರಿಗೂ ನನಗೂ ಪಣ. ಸೋತವನು ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಯ ಮುಂದೆ ಸಾಲುನಿಂತು ಶ್ರೂಸ್‌ಬರಿ ಬಿಸ್ಕತ್ತಿನ ಪೊಟ್ಟಣವನ್ನು ತರತಕ್ಕದ್ದು. ಕೊನೆಯ ಗ್ರೀನಿನಲ್ಲಿ ಅವರಿಗೆ ಉಳಿದದ್ದು ನಾಲ್ಕಡಿಯ ಒಂದು ತಟ್ಟು; ಬಿದ್ದರೆ ಪಣ ಅವರದು. ನಾನು ಸಭ್ಯತೆಯಿಂದ ಬೇರೆ ಕಡೆ ನೋಡುತ್ತಿದ್ದವನು ಏತಕ್ಕೋ ತಿರುಗಿದೆ. ನಿರ್ಗುಣೋಪಾಸಕರು ನಾಣ್ಯದ ಮುಂದೆ ಮೊಣಕಾಲೂರಿ, ಚೆಂಡನ್ನು ಎರಡು ಬೆರಳುಗಳ ನಡುವೆ ಹಿಡಿದು, ಬೀಗದ ಕೈ ತಿರುಗಿಸುವಷ್ಟು ಸೂಕ್ಷ್ಮವಾಗಿ ತಿರುಗಿಸುತ್ತಿದ್ದರು. ಸಮೀಪಕ್ಕೆ ಹೋಗಿ ನೋಡಿದರೆ ಕಂಪೆನಿಯವರು ಚೆಂಡಿನ ಮೈಮೇಲೆ ಅಚ್ಚುಹಾಕಿದ ಹೆಸರು, ಮೊದಲಕ್ಷರದಿಂದ ಕೊನೆಯ ಅಕ್ಷರದವರೆಗೆ, ಗುಳಿಯ ಕಡೆಗೆ ಮೋರೆಮಾಡಿ ನೆಟ್ಟಗೆ ಮಲಗಿತ್ತು.

"ಏನದು ಸಾಹೇಬರೇ?" ಎಂದೆ.

"ಹೆಸರು ಓದುತ್ತಿದ್ದೇನೆ, ರಾಯರೇ."

"ಕನ್ನಡಕವಿಲ್ಲದೆಯೆ?"

"ಅಕ್ಷರ ಬೇರೆ, ಗೆರೆ ಬೇರೆ. ನೀವು ಲೆಕ್ಕದವರು, ನಿಮಗೆ ಎಲ್ಲವೂ ಗೆರೆಯಾಗಿಯೇ ಕಾಣುತ್ತದೆ" ಎಂದು ಅವರು ಎದ್ದು ನಿಂತು, ಯಾವ ಆತುರವೂ ಇಲ್ಲದೆ ತಟ್ಟಿದರು. ಅಕ್ಷರಗಳು ಒಂದು ಸುತ್ತು ನೆಟ್ಟಗೆ ಓಡಿ, ಎರಡನೆಯ ಸುತ್ತಿಗೆ ತೂರಾಡಿ, ಗುಳಿಯ ಬಲದಂಚನ್ನು ನೆಕ್ಕಿ ಆಚೆಗೆ ನಿಂತವು. ಕ್ಯಾಡಿಯು ಧ್ವಜದ ಕೋಲನ್ನು ಹಿಡಿದು ಆಕಾಶವನ್ನು ನೋಡುತ್ತಿದ್ದನು. ಕರ್ನಲ್ಲರ ವಿಷಯದಲ್ಲಿ ಅವನಿಗೆ ಗಾದೆಗಳು ನೆನಪಿಗೆ ಬರುವುದಿಲ್ಲ.

ಹಿಂತಿರುಗುವಾಗ ಇಬ್ಬರೂ ಮಾತಾಡಲಿಲ್ಲ. ಬಂಡ್ ಗಾರ್ಡನ್ನಿನ ಸೇತುವೆ ದಾಟಿ, ಕಾರು ಕ್ಯಾಂಪಿನ ಕಡೆಗೆ ಹೊರಳಿದ ಮೇಲೆ, ಅವರು ಎದುರಿನ ರಸ್ತೆಯಿಂದ ಕಣ್ಣು ಕೀಳದೆ, ಹವೆಯ ವಿಷಯ ವಿಚಾರಿಸುವವರಂತೆ ಕೇಳಿದರು:

"ಆ ನಿಮ್ಮ ಬೋಗುಣಿಗೆ ಕಲ್ಲುಪ್ಪೇ ಆಗಬೇಕೋ ರಾಯರೇ, ಪುಡಿ ಉಪ್ಪೂ ನಡೆದೀತೋ?"